ಒಂಬತ್ತು ಅಡಿ ಬಾವಿಯಲ್ಲಿ ಐವತ್ತು ಮೀಟರ್

ಈಜು ಕಲಿಯಲು ಇಪ್ಪತ್ತೊಂದು ದಿನ ಸಾಕು ಎಂದು ನಾನು ತೀರ್ಮಾನಿಸಿದ್ದು 2003ರ ಏಪ್ರಿಲ್ ಎರಡನೇ ತಾರೀಕು ಬೆಳಿಗ್ಗೆ. ಡೈರಿಯಲ್ಲಿ ಹಾಗೇ ಇದೆ. ಅಲ್ಲಿಯವರೆಗೆ ನಾನು ಇಳಿದಿದ್ದ ಅತಿ ಆಳದ ನೀರೆಂದರೆ ಯಳಂದೂರಿನ ನಮ್ಮ ಮನೆಯ ಬಚ್ಚಲಿನದು.

ಕಾರಣ ಗಂಭೀರವಾಗಿತ್ತು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಾನು ಅರೆಕಾಲಿಕ ಭೂಗೋಳ ಉಪನ್ಯಾಸಕ. ಪ್ರತಿ ಮಾರ್ಚ್ ಕೊನೆಗೆ ಕೆಲಸ ಮುಗಿಯುತ್ತಿತ್ತು, ಜುಲೈನಲ್ಲಿ ಮತ್ತೆ ಕರೆಯುತ್ತಿದ್ದರು. ಈ ಸಲ ಕರೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಅದೇ ವಾರ ಬ್ರೌಸಿಂಗ್ ಸೆಂಟರಿನಲ್ಲಿ ಹೊರದೇಶದ ವಿಶ್ವವಿದ್ಯಾಲಯವೊಂದರ ಪ್ರಕಟಣೆ ಕಣ್ಣಿಗೆ ಬಿತ್ತು. ಹವಾಮಾನ ಬದಲಾವಣೆ ದ್ವೀಪಗಳ ಜನಜೀವನವನ್ನು ಹೇಗೆ ಬಾಧಿಸುತ್ತಿದೆ ಎಂಬ ಬಗ್ಗೆ ಪಿಎಚ್.ಡಿ. ಮೂರು ವರ್ಷ ಪೂರ್ತಿ ವಿದ್ಯಾರ್ಥಿವೇತನ. ಅರ್ಜಿಯಲ್ಲಿ ಹದಿನೆಂಟು ಕಲಂ. ನಾನು ತುಂಬಲು ಹುಟ್ಟಿದವನಂತೆ ತುಂಬಿದೆ.

ಹದಿನಾರನೇ ಕಲಂ, ಸ್ವತಃ ಮಾಡಿದ ಕ್ಷೇತ್ರ ಅಳತೆಗಳಿದ್ದರೆ ಲಗತ್ತಿಸಿ ಎಂದಿತ್ತು. ಮಳೆಮಾಪಕವನ್ನು ನಾನು ಪಠ್ಯಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. 'ಇಲ್ಲ' ಎಂದು ಬರೆದು ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ. ಹದಿನೇಳನೆಯದರಲ್ಲಿ ಪೆನ್ನು ನಿಂತಿತು. ಐವತ್ತು ಮೀಟರ್ ಈಜಬಲ್ಲಿರಾ? ಸರ್ಕಾರಿ ಅಧಿಕಾರಿಯೊಬ್ಬರ ದೃಢೀಕರಣ ಬೇಕು. ಗಡುವಿಗೆ ನಾಲ್ಕು ವಾರ ಉಳಿದಿತ್ತು.

ಕಾಮಗೆರೆಯಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾರೆ. ಅವರಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಎಮ್ಮೆ, ಮೆಟ್ಟಿಲಿರುವ ಚೌಕ ಬಾವಿ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದವರು ಅತ್ತೆಯೇ. ಅಲ್ಲಿಗೇ ಹೋಗಿ ಉಳಿದೆ. ನನ್ನ ಸೊಂಟಕ್ಕೆ ಒಣಗಿದ ಎರಡು ಸೋರೆಬುರುಡೆ ಕಟ್ಟಿ, ಮಾತಿಲ್ಲದೆ ಬೆನ್ನಿಗೊಂದು ನೂಕು ಕೊಟ್ಟರು. ಪಾಠ ಆರಂಭವಾಯಿತು.

ನಾನು ಲೆಕ್ಕವಿಲ್ಲದೆ ಏನನ್ನೂ ಮಾಡುವವನಲ್ಲ. ಹಾಳೆಯೊಂದರಲ್ಲಿ ಎರಡು ಸಾಲು ಎಳೆದೆ. ಒಂದರಲ್ಲಿ ನೀರಿನ ಆಳ, ಇನ್ನೊಂದರಲ್ಲಿ ನನ್ನ ಪ್ರಗತಿ. ಆಳ ಅಳೆದದ್ದು ವಿಜ್ಞಾನಕ್ಕಾಗಿ ಅಲ್ಲ, ಭಯಕ್ಕಾಗಿ. ದಿನಾ ಬೆಳಿಗ್ಗೆ ಏಳಕ್ಕೆ ಹಗ್ಗದ ತುದಿಗೆ ಕಲ್ಲು ಕಟ್ಟಿ, ಅದೇ ಮೂಲೆಯಲ್ಲಿ ಇಳಿಬಿಟ್ಟು, ಒದ್ದೆಯಾದ ಉದ್ದವನ್ನು ಟೇಪಿನಿಂದ ಅಳೆಯುತ್ತಿದ್ದೆ. ಮೊದಲ ದಿನ ಒಂಬತ್ತು ಅಡಿ. ಪ್ರಗತಿ: ಸೊನ್ನೆ. ಕುಡಿದ ನೀರು: ಐದು ಗುಟುಕು.

ಬಾವಿಯ ಅಗಲ ಇಪ್ಪತ್ತು ಅಡಿ. ಒಂಬತ್ತು ಸಲ ಅಡ್ಡ ದಾಟಿದರೆ ಐವತ್ತು ಮೀಟರ್ ಆಗಿ ಮಿಗುತ್ತದೆ. ಎಂಟನೇ ದಿನ ಆಳ ಏಳು ಅಡಿ. ಬುರುಡೆಯ ಸಹಿತ ಅರ್ಧ ದಾಟು. ಹದಿನಾಲ್ಕನೇ ದಿನ ಆಳ ಐದು ಅಡಿ ಎರಡು ಅಂಗುಲ. ಅಂದು ನಾನು ಬುರುಡೆ ಬಿಚ್ಚಿ ಎಸೆದೆ. ಮೂರು ದಾಟು! ಹೆಬ್ಬೆರಳು ಆಗಾಗ ತಳಕ್ಕೆ ತಾಗಿದ್ದು ನಿಜ. ಅದನ್ನು ಡೈರಿಯಲ್ಲಿ 'ತಾತ್ಕಾಲಿಕ ಸ್ಪರ್ಶ' ಎಂದು ನಮೂದಿಸಿದೆ. ಹದಿನೆಂಟನೇ ದಿನದ ಹೊತ್ತಿಗೆ ಸ್ಪರ್ಶ ಕಾಯಂ ಆಯಿತು. ನಮೂದಿಸುವುದನ್ನು ನಿಲ್ಲಿಸಿದೆ.

ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಮೆಚ್ಚುಗೆಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಇಪ್ಪತ್ತೊಂದನೇ ದಿನ ಎಮ್ಮೆಗೆ ಚುಚ್ಚುಮದ್ದು ಹಾಕಲು ಪಶುವೈದ್ಯರು ಬಂದರು. ಸರ್ಕಾರಿ ಅಧಿಕಾರಿ, ಸೀಲು ಬ್ಯಾಗಿನಲ್ಲೇ ಇತ್ತು. ವಿಷಯ ವಿವರಿಸಿದಾಗ ಸಂತೋಷದಿಂದ ಒಪ್ಪಿದರು. ಅವರ ಕೈಗೆ ಅರ್ಜಿಯನ್ನೂ, ಕೇಳದಿದ್ದರೂ ನನ್ನ ಲೆಕ್ಕದ ಹಾಳೆಯನ್ನೂ ಕೊಟ್ಟು ಬಾವಿಗಿಳಿದೆ. ಒಂಬತ್ತು ದಾಟು ಮುಗಿಸಿದೆ. ಏದುಸಿರು ಕೂಡ ಬರಲಿಲ್ಲ.

ಮೇಲೆ ನೋಡಿದರೆ ವೈದ್ಯರು ಸೀಲು ತೆಗೆದಿರಲಿಲ್ಲ, ಹಾಳೆ ಓದುತ್ತಿದ್ದರು.

"ನಿಮ್ಮ ಎತ್ತರ ಎಷ್ಟು ಮೇಷ್ಟ್ರೇ?"

"ಐದು ಅಡಿ ಐದು ಅಂಗುಲ ಸಾರ್."

"ಇವತ್ತಿನ ಆಳ ನಾಲ್ಕು ಅಡಿ ಅಂತ ಬರ್ದಿದ್ದೀರಿ. ಸ್ವಲ್ಪ ಅಲ್ಲೇ ನಿಂತ್ಕೊಳ್ಳಿ."

ನಿಂತೆ. ನೀರು ಎದೆಯವರೆಗೆ ಬಂತು.

ವೈದ್ಯರು ನಗಲಿಲ್ಲ. ಅದೇ ಕಷ್ಟವಾಗಿದ್ದು. ನೀರು ಇಳಿದ ಹಾಗೆಲ್ಲ ನಿಮ್ಮ ಈಜು ಏರಿದೆ, ಆದರೆ ನೀವು ಹೋಗಬೇಕೆಂದಿರುವ ದ್ವೀಪಗಳಲ್ಲಿ ಸಮುದ್ರ ಏರುತ್ತಿದೆಯಲ್ಲ ಎಂದರು. ಕೊನೆಗೆ, "ಈ ಎಮ್ಮೆ ಈಜುತ್ತೆ ಅಂತ ಬೇಕಾದ್ರೆ ಬರ್ಕೊಡ್ತೀನಿ" ಎಂದು ಹಾಳೆ ಮಡಿಸಿ ಕಟ್ಟೆಯ ಮೇಲಿಟ್ಟು ಹೊರಟರು.

ನಾನು ಅತ್ತೆಯ ಕಡೆ ತಿರುಗಿ, ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ಗೊತ್ತಿತ್ತು ಕಣ್ಲಾ. ದಿನಾ ಮೋಟ್ರು ಆಕಿ ಸೊಪ್ಪಿನ ತೋಟಕ್ಕೆ ನೀರ್ ಬುಟ್ಟೋಳು ನಾನೇ ಅಲ್ವಾ. ನೀನು ಅಷ್ಟು ಕುಸಿಯಾಗಿ ನಡೀತಿದ್ದೆ, ಯಾಕೆ ಕೆಡಿಸ್ಲಿ ಅಂತ ಸುಮ್ಕಿದ್ದೆ."

ಆ ಹಾಳೆಯನ್ನು ನೋಡಲು ನನಗಾಗಲಿಲ್ಲ. ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು. ಹದಿನೇಳನೇ ಕಲಮಿನಲ್ಲಿ 'ಈಜು ಬಾರದು' ಎಂದು ಬರೆದು ಅಂದೇ ಅಂಚೆಗೆ ಹಾಕಿದೆ.

ಜೂನ್ ಕೊನೆಗೆ ಉತ್ತರ ಬಂತು. ಕಾಮಗೆರೆಗೆ ಹೋಗಿ, ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಈಜು ಬಾರದಿರುವುದು ದೊಡ್ಡ ಅಡ್ಡಿಯಲ್ಲ, ಬಂದ ಮೇಲೆ ಅವರೇ ಕಲಿಸುತ್ತಿದ್ದರಂತೆ. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದ್ದರು. ಆದರೆ ನೀರಿನ ಮಟ್ಟವನ್ನು ಕೆಲವು ವಾರಗಳಾದರೂ ಬಿಡದೆ, ಒಂದೇ ಜಾಗದಲ್ಲಿ, ಒಂದೇ ವೇಳೆಗೆ ಅಳೆದ ಅನುಭವ ಇದ್ದವರನ್ನು ಆರಿಸಿಕೊಂಡಿದ್ದರು. ಹದಿನಾರನೇ ಕಲಮಿನಲ್ಲಿ ನಾನು 'ಇಲ್ಲ' ಎಂದಿದ್ದಕ್ಕೆ ವಿಷಾದಿಸಿದ್ದರು.

ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು.

"ಅಂಗಾರೆ ನೀನು ಮೂರು ವಾರ ಕಲ್ಲು ಬುಟ್ಟು ಬುಟ್ಟು ನೋಡ್ತಿದ್ದದ್ದು ಏನ್ಲಾ?"

ಅವರು ಕೇಳಿದ್ದೇ ಅದು, ಅತ್ತೆ, ಅಂದೆ.

ಅವರು ಒಂದು ಹಿಡಿ ಸೊಪ್ಪನ್ನು ನನ್ನ ಕೈಗಿಟ್ಟು ಹುಳದ ತಟ್ಟೆ ತೋರಿಸಿದರು. ಅಂದಿನ ಡೈರಿಯಲ್ಲಿ ಹೀಗಿದೆ. ಬಂದ ಪತ್ರ: ಒಂದು. ಸೊಪ್ಪು ಹಾಕಿದ ತಟ್ಟೆ: ಹದಿನಾರು. ಅತ್ತೆಯ ಅಭಿಪ್ರಾಯ: ಹುಳಗಳಿಗೆ ನನಗಿಂತ ಬುದ್ಧಿ ಹೆಚ್ಚು.