ಹಳೆಯ ಕೆಮ್ಮು, ಹೊಸ ಕೆಮ್ಮು

ಎಡಗಿವಿಯಿಂದ ಸರಿಯಾಗಿ ನಾಲ್ಕು ಬೆರಳು ದೂರ. ಮೂರು ಸಲ ಅಲ್ಲಾಡಿಸಬೇಕು. ನಾಲ್ಕನೆಯದಕ್ಕೆ ಕಿವಿ ಮೋಸ ಹೋಗುತ್ತದಂತೆ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ನನ್ನ ಸೋದರಮಾವ ಪರೀಕ್ಷಿಸುತ್ತಿದ್ದ ಕ್ರಮ ಇದು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಗಳು ಬೇಕಾದಷ್ಟಿದ್ದಾರೆ. ಆದರೆ ಕಾಯಿಗೆ ಮಾಡುವ ಪರೀಕ್ಷೆಯನ್ನು ಮನುಷ್ಯರಿಗೂ ಮಾಡಿದವರು ಇವರೊಬ್ಬರೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ!

ಅದು ಹಂದಿಜ್ವರದ ವರ್ಷ, ಎರಡು ಸಾವಿರದ ಒಂಬತ್ತು. ನಾನು ಎಂ.ಎಸ್ಸಿ. ಮುಗಿಸಿ, ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಮಾವನ ಮನೆಯಲ್ಲಿದ್ದೆ. ಮಾವನಿಗೆ ಮೂವತ್ತು ವರ್ಷಗಳ ಆಸ್ತಮಾ. ಅಂಥವರಿಗೆ ಈ ಜ್ವರ ಬಂದರೆ ಕಷ್ಟ ಎಂದು ಟೀವಿಯಲ್ಲಿ ಹೇಳಿದ್ದೇ ತಡ, ನಮ್ಮ ಮನೆಗೆ ಬಂದವರೆಲ್ಲ ಹೊಸ್ತಿಲಾಚೆ ಬೆನ್ನು ತಿರುಗಿಸಿ ನಿಲ್ಲಬೇಕಾಯಿತು. ಮಾವ ಆ ಬೆನ್ನಿನಿಂದ ನಾಲ್ಕು ಬೆರಳು ದೂರದಲ್ಲಿ ಕಿವಿ ಇಟ್ಟು "ಕೆಮ್ಮು" ಅನ್ನುವರು. ಮೂರು ಸಲ ಕೆಮ್ಮಬೇಕು. ಆಮೇಲೆ ತೀರ್ಪು: "ಒಣಗೈತೆ, ಒಳಕ್ಕೆ ಬಾ." ಇಲ್ಲವೇ, "ಇನ್ನೂ ಹಸಿ ಐತೆ. ಎಂಟು ದಿನ ಬಿಟ್ಕೊಂಡ್ ಬಾ."

ಹಾಲಿನವರು, ಅಂಚೆಯವರು, ಯಾರನ್ನೂ ಬಿಡಲಿಲ್ಲ. ನಾನಂತೂ ನಾಲ್ಕು ಜನರ ಮುಂದೆ ಸೀನುವುದಕ್ಕೂ ಸಂಕೋಚ ಪಡುವವಳು. ದಿನಾ ಸಂಜೆ ಬೀದಿಗೆ ಕೇಳುವಂತೆ ಕೆಮ್ಮಿ ಒಳಗೆ ಹೋಗುವುದೆಂದರೆ!

"ಅಲ್ಲ ಕಣ್ರೀ, ನಿಮ್ಮ ತಂಗಿ ಮಗಳು ಮನುಷ್ಯಳೋ, ತೆಂಗಿನಕಾಯೋ?" ಎಂದು ಅತ್ತೆ ಅಡುಗೆಮನೆಯಿಂದ ಕೂಗುವರು.

"ಕೆಮ್ಮಲಿ ಇರೇ, ಗೊತ್ತಾಯ್ತದೆ!"

ನಮ್ಮದು ಜಂಕ್ಷನ್ ಊರು. ಪುಣೆಯಲ್ಲಿ ಜ್ವರ ಜೋರಾಗಿದೆ ಎಂಬ ಸುದ್ದಿ ಬೇರೆ. ಆ ಕಡೆಯ ರೈಲು ನಮ್ಮ ಹಿತ್ತಿಲ ಹಿಂದೆಯೇ ಹಾದುಹೋಗುತ್ತಿತ್ತು. ಅದು ದಾಟುವವರೆಗೂ ಮಾವ ಉಸಿರು ಬಿಗಿಹಿಡಿಯತೊಡಗಿದರು. ಆಸ್ತಮಾದ ಎದೆ, ಇಪ್ಪತ್ತು ಬೋಗಿಯ ಗಾಡಿ! ಹತ್ತನೆಯ ಬೋಗಿಗೆ ಮುಖ ಕೆಂಪಾಗುತ್ತಿತ್ತು. ಹದಿನೈದನೆಯದಕ್ಕೆ ಪುಣೆಯ ಗಾಳಿಯನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡು, ಕೊನೆಯ ಬೋಗಿ ಮರೆಯಾಗುವಷ್ಟರಲ್ಲಿ ಇನ್‌ಹೇಲರ್ ಹುಡುಕುತ್ತಿದ್ದರು.

"ನೋಡಿದ್ಯಾ? ಗಾಡಿ ಬಂತು, ದಮ್ಮು ಹಿಡ್ಕೊಂತು!"

ಇದಕ್ಕೆ ಎಂ.ಎಸ್ಸಿ. ಓದಿದವಳು ಏನು ಉತ್ತರ ಕೊಡಬೇಕು?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಹಳೇಬೀಡಿಗೆ ಕೊಟ್ಟಿದ್ದ ಮಾವನ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಸೀಮಂತ ಆಗಿ ಹದಿನೈದು ದಿನ ಕಳೆದಿತ್ತು. ಬಾಣಂತನಕ್ಕೆ ತವರಿಗೆ ಕರೆತರಬೇಕಾದ ಅಪ್ಪ ಆ ಮಾತನ್ನೇ ಎತ್ತುತ್ತಿರಲಿಲ್ಲ. ಕಡೆಗೆ ಒಂದು ಭಾನುವಾರ ಅತ್ತೆ ನನ್ನನ್ನು ಕಾವಲಿಗೆ ಜೊತೆ ಮಾಡಿ ಮಾವನನ್ನು ಹಳೇಬೀಡಿನ ಬಸ್ಸು ಹತ್ತಿಸಿದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಾವ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಕಟ್ಟಿಕೊಂಡಿದ್ದರು. ಜಾವಗಲ್ ದಾಟಿದ ಮೇಲೆ ಆ ಬಟ್ಟೆಯ ನೂಲೇ ಮೂಗಿಗೆ ಹೋಗಿ ಒಂದು ಸೀನು ಬಂತು. ಎಂಥ ಸೀನು! "ಅಯ್ಯೋ, ಈಯಪ್ಪಂಗೆ ಬಂದ್ಬುಟ್ಟೈತೆ ಕಣ್ರಪ್ಪೋ!" ಎಂದು ಯಾರೋ ಕೂಗಿದ್ದೇ ತಡ, ಅರ್ಧ ಬಸ್ಸು ಡ್ರೈವರನ ಬೆನ್ನಿಗೆ ಅಂಟಿಕೊಂಡಿತು. ಖಾಲಿಯಾದ ಸೀಟಿನಲ್ಲಿ ಮಾವ ಕಾಲು ಚಾಚಿ ಕುಳಿತರು.

"ಜನಕ್ಕೆ ಎಷ್ಟು ಭಯ ನೋಡು! ತಿಳಿವಳಿಕೇನೇ ಇಲ್ಲ."

ಹಳೇಬೀಡಿನಲ್ಲಿ ಮಾತ್ರ ನಗು ಬರಲಿಲ್ಲ. ಮಾವ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಣ್ಣಿನ ಚೀಲವನ್ನು ಕಾಂಪೌಂಡಿನ ಮೇಲಿಟ್ಟು ರಸ್ತೆಯಾಚೆ ಹೋಗಿ ನಿಂತರು.

"ಒಳಗೆ ಬಾ ಅಪ್ಪ."

"ಬ್ಯಾಡ ಕಣಮ್ಮ."

"ನನ್ನ ಯಾವತ್ತು ಕರ್ಕೊಂಡ್ ಹೋಗ್ತೀಯ?"

"ನೋಡಾನ."

ಅವಳು ನನ್ನ ಕಡೆ ತಿರುಗಿದಳು. "ಅಪ್ಪಂಗೆ ಅವರ ಜೀವದ ಮೇಲೆ ಎಷ್ಟು ಆಸೆ ನೋಡೇ. ಇನ್ನು ಕರೆದರೂ ನಾನು ಬರಲ್ಲ ಅಂತ ಅಮ್ಮಂಗೆ ಹೇಳಿಬಿಡು."

ಆ ಗುರುವಾರ ಮಾವನಿಗೆ ಉಬ್ಬಸ ಹೆಚ್ಚಾಗಿ, ನಾನೇ ಡಾಕ್ಟರ ಬಳಿ ಕರೆದೊಯ್ದೆ. "ನೀ ಆಚೆ ಕೂತಿರು" ಎಂದರು ಮಾವ. ಇನ್ನೊಬ್ಬರ ಮಾತಿಗೆ ಕಿವಿಗೊಡುವ ಅಭ್ಯಾಸ ನನಗಿಲ್ಲ. ಆದರೆ ಕೊಬ್ಬರಿ ಹರಾಜಿನಲ್ಲಿ ಪಳಗಿದ ಗಂಟಲಿಗೆ ಬಾಗಿಲಿನ ಒಂದು ಪರದೆ ಯಾವ ಲೆಕ್ಕ?

"ಡಾಕ್ಟ್ರೇ, ಊರೋರ ಕೆಮ್ಮೆಲ್ಲ ತಿಳೀತದೆ ನಂಗೆ. ನಂದೇ ತಿಳೀತಿಲ್ಲ. ಮೂವತ್ತು ವರ್ಷದಿಂದ ಕೆಮ್ತಾ ಇವ್ನಿ. ಇದ್ರಲ್ಲಿ ಯಾವ್ದು ಹಳೇದು, ಯಾವ್ದು ಹೊಸಾದು ಅಂತ ಹೆಂಗ್ ಹೇಳ್ಲಿ? ನಂಗೆ ಬಂದ್ರೆ ಬರ್ಲಿ. ಮಗಳು ಬಸುರಿ. ಮನೆಗೆ ಕರ್ಕೊಂಬಂದು, ನಾನೇ ಅವಳಿಗೆ ಅಂಟಿಸ್ಬುಟ್ರೆ?"

ಕೊನೆಯ ಮಾತು ಮಾತ್ರ ಪರದೆಯ ಈಚೆಗೆ ಮೆಲ್ಲಗೆ ಕೇಳಿಸಿತು.

"ಆಸ್ತಮಾ ಅಂಟಲ್ಲ ಯಜಮಾನ್ರೇ" ಎಂದರು ಡಾಕ್ಟರು. "ನಿಮಗೆ ಜ್ವರ ಇಲ್ಲ, ಮೈಕೈ ನೋವಿಲ್ಲ. ಇದು ನಿಮ್ಮ ಹಳೇ ಕೆಮ್ಮೇ. ಜ್ವರ ಏನಾದ್ರೂ ಕಾಣಿಸಿಕೊಂಡ್ರೆ ಮಗಳಿಂದ ದೂರ ಇದ್ದು, ಆವತ್ತೇ ನನ್ನ ಹತ್ರ ಬನ್ನಿ. ಈಗ ಅವಳನ್ನ ಕರ್ಕೊಂಡ್ ಬನ್ನಿ."

"ದಿಟವಾ?"

"ದಿಟ."

"ಇನ್ನೊಂದು ಸಲ ಎದೆಗೆ ಇಟ್ಟು ನೋಡ್ಬುಡಿ."

ಡಾಕ್ಟರು ನೋಡಿದರೆಂದು ಕಾಣುತ್ತದೆ.

ಮನೆಗೆ ಬಂದ ಮಾವ ನಡುಮನೆಯ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಸರಿಯಿಲ್ಲವೆನಿಸಿ ಮತ್ತೆ ಗೋಡೆಯ ಕಡೆಗೆ ಎಳೆದರು. ಕಡೆಗೆ ಅದರ ಮೇಲೇ ಕುಳಿತು, "ಕೋಪ ಮಾಡ್ಕೊಂಡವ್ಳೆ. ನಾನು ಹೋಗಿ ಕರೆದ್ರೆ ಬತ್ತಾಳಾ?" ಎಂದು ನನ್ನನ್ನು ಕೇಳಿದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಚೀಟಿ ಕಳಿಸಿ, ಮೊದಲ ಬಸ್ಸಿಗೆ ಹಳೇಬೀಡಿಗೆ ಹೋದೆ. ಪರದೆಯಾಚೆಯಿಂದ ಕೇಳಿದ ಮಾತನ್ನು ಒಂದಕ್ಷರ ಬಿಡದೆ, ಮಾವನ ಮಾತಿನಲ್ಲೇ ಅವಳಿಗೆ ಹೇಳಿದೆ. ಅವಳು ಎದ್ದು ಹೋಗಿ ಬೀರು ತೆರೆದಳು. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲವಾದ್ದರಿಂದ, ಸೀರೆಗಳನ್ನು ಒಂದೊಂದಾಗಿ ಮಡಿಸಿ ನಾನೇ ಚೀಲಕ್ಕೆ ತುಂಬಿದೆ.