ಜಗುಲಿಗೆ ಬಂದ ಫ್ಯಾನು

ಶಹಾಪುರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪೋರರಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಈ ಗುರುದೇವಿಗೆ ತನ್ನದೇ ಮೈಯ ಉರಿ ಯಾವ ಲೆಕ್ಕ? ಮುಟ್ಟು ನಿಲ್ಲುವ ವಯಸ್ಸಿಗೆ ಹೀಗಾಗುತ್ತದೆ, ಯೋಗ ಮಾಡಿ ನೋಡಿ ಎಂದು ಡಾಕ್ಟರು ಹೇಳಿದ ದಿನವೇ ಶಪಥ ಮಾಡಿದೆ. ಹದಿನೈದು ದಿನದಲ್ಲಿ ಈ ಉರಿಯನ್ನು ಮಣಿಸುತ್ತೇನೆ!

ಮನೆಯಲ್ಲಿ ಮಣಿಯದ ಜೀವ ಇನ್ನೊಂದಿತ್ತು. ನನ್ನ ಗಂಡ ಮರಿಲಿಂಗಪ್ಪ. ನಾನು ಫ್ಯಾನು ಹಾಕಿದರೆ ಸಾಕು, ಹೊದ್ದ ಕೌದಿಯ ಸಮೇತ ಎದ್ದು ಹೋಗಿ ಆರಿಸುತ್ತಾರೆ.

“ಕುದಿಯಾಕತ್ತೇನ್ರಿ. ನನ್ನ ಕಡಿಗಷ್ಟೇ ತಿರುಗಿಸ್ಕೊಳ್ಳಾಕ ಒಂದು ಟೇಬಲ್ ಫ್ಯಾನರೆ ತರ್ರಿ.”

“ಥಂಡ್ಯಾಗ ಯಾರಿಗರೆ ಸೆಕಿ ಆಗ್ತದೇನ? ಎಲ್ಲಾ ನಿನ್ನ ಭ್ರಮಿ.”

ಭ್ರಮೆಯಂತೆ ಭ್ರಮೆ! ನನ್ನ ದಿಂಬು ಹಿಂಡಿದರೆ ಒಂದು ಚೊಂಬು ನೀರು ಬೀಳುತ್ತಿತ್ತು. ಮೂರು ವರ್ಷದಿಂದ ಇದೇ ಮಾತು.

ಜೊತೆಯ ಶಿಕ್ಷಕಿ ಪರಿಮಳಾ ನನಗೆ ಶೀತಲಿ ಪ್ರಾಣಾಯಾಮ ಕಲಿಸಿದಳು. ನಾಲಿಗೆ ಹೊರಚಾಚಿ, ಕೊಳವೆಯಂತೆ ಮಡಚಿ, ಸುಸ್ ಎಂದು ಉಸಿರೆಳೆಯಬೇಕು. ಮೈ ತಂಪಾಗುತ್ತದಂತೆ. ನನ್ನ ನಾಲಿಗೆ ಮಡಚಲೊಲ್ಲದು, ಬರೀ ಚಾಚಿಕೊಂಡಿತು.

ಮಂಗಳವಾರ ತಲೆಸ್ನಾನ ಮಾಡಿ, ಕೂದಲು ಬಿಚ್ಚಿಕೊಂಡು, ಹಣೆತುಂಬ ಕುಂಕುಮವಿಟ್ಟು ಪಡಸಾಲೆಯಲ್ಲಿ ಕೂತೆ. ಅದೇ ಹೊತ್ತಿಗೆ ಉರಿ ಏರಬೇಕೆ? ಮುಖ ಕೆಂಡವಾಯಿತು, ಬೆವರು ಸುರಿಯಿತು. ಹಟ ಬಿಡದೆ ಕಣ್ಣರಳಿಸಿ, ನಾಲಿಗೆ ಇನ್ನಷ್ಟು ಚಾಚಿ ಬುಸುಗುಟ್ಟಿದೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಮೋನಮ್ಮ ಬಾಗಿಲಲ್ಲೇ ಬಟ್ಟಲು ಬೀಳಿಸಿದಳು.

“ಅಣ್ಣಾರ, ಲಗೂನ ಬರ್ರಿ. ಅಕ್ಕೋರ ಮೈಮ್ಯಾಲ ತಾಯಿ ಬಂದಾಳ.”

ಮರಿಲಿಂಗಪ್ಪ ಬಚ್ಚಲಿನಿಂದ ಒದ್ದೆ ಟವೆಲ್ಲಿನಲ್ಲೇ ಓಡಿಬಂದು ಅಡ್ಡಬಿದ್ದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನನ್ನ ಮುಂದೆ ಅವರು ಬಗ್ಗಿದ್ದು ಕಿತ್ತುಬಿದ್ದ ಗುಂಡಿ ಹುಡುಕಲು ಮಾತ್ರ. ಮೋನಮ್ಮ ನನ್ನ ಕೈಗೆ ಬೇವಿನ ಸೊಪ್ಪು ತುರುಕಿದಳು.

“ಏನ್ ತಪ್ಪಾತು ತಾಯೇ? ಏನ್ ಬೇಕು ಕೇಳವ್ವ,” ಎಂದರು ಮರಿಲಿಂಗಪ್ಪ.

ತಾಯಿಯೂ ಇಲ್ಲ ಗೀಯಿಯೂ ಇಲ್ಲ ಎಂದು ಬೈಯಲು ಬಾಯಿ ತೆರೆದವಳು, ಸಿಟ್ಟಿನಲ್ಲಿ ಮೂರು ವರ್ಷದ ಮಾತನ್ನೇ ಒದರಿದೆ. “ಸೆಕಿ ಆಗಾಕತ್ತದ. ಫ್ಯಾನ್ ತಾ.”

“ಇವತ್ತೇ ತರ್ತೀನಿ ತಾಯೇ.”

ತಂದರು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಹೊಸ ಟೇಬಲ್ ಫ್ಯಾನು ವಿಭೂತಿ ಬಳಿಸಿಕೊಂಡು, ದೇವರ ಜಗುಲಿಯ ಕಡೆಗೆ ಮುಖಮಾಡಿ ತಿರುಗುತ್ತಿತ್ತು. ಆರಬಾರದೆಂದು ದೀಪವನ್ನು ಮೂಲೆಗೆ ಸರಿಸಿದ್ದರು. ನಾನು ಫ್ಯಾನಿಗೆ ಕೈ ಹಾಕಿದೆ.

“ಏ, ಮುಟ್ಟಬ್ಯಾಡ. ಅದು ತಾಯೀದು.”

“ಕೇಳಿದಾಕಿ ನಾನ್ರಿ. ನಾ ಯೋಗ ಮಾಡಾಕತ್ತಿದ್ದೆ.”

“ನೀ ದಿನಾ ಕೇಳ್ತಿ. ಆಕಿ ಒಮ್ಮಿ ಕೇಳ್ಯಾಳ. ಫರಕ್ ಇಲ್ಲೇನ?”

ಈಗ ಉರಿ ಏರಿದಾಗಲೆಲ್ಲ ಫ್ಯಾನಿಗೂ ಜಗುಲಿಗೂ ನಡುವೆ ಕೈಮುಗಿದು ಕೂಡುತ್ತೇನೆ. ದಿನಕ್ಕೆ ಏಳೆಂಟು ಸಲ. ಮರಿಲಿಂಗಪ್ಪ ಓಣಿಯಲ್ಲೆಲ್ಲ ನನ್ನ ಗುಣಗಾನ ಮಾಡುತ್ತಿದ್ದಾರೆ.

“ನಮ್ಮಾಕಿಗಿ ಭಕ್ತಿ ಭಾಳ ಬಂದದ ಬಿಡ್ರಿ. ಒಂದೇ ತ್ರಾಸ, ತಾಯಿಗಿ ಬರೋ ಗಾಳಿಗಿ ಅಡ್ಡ ಕೂಡ್ತಾಳ.”