ವಾಂತಿಭೇದಿಯ ವರ್ಷ ನಾನು ಕೈ ತೊಳೆದುಕೊಂಡದ್ದು

ಧೈರ್ಯವಂತರು ತಮ್ಮ ಧೈರ್ಯದ ಬಗ್ಗೆ ಹೇಳಿಕೊಳ್ಳಬಾರದಂತೆ. ನಾನು ಪುಕ್ಕಲ; ಹಾಗಾಗಿ ನನಗೆ ಹೇಳಿಕೊಳ್ಳಲು ಅಡ್ಡಿಯಿಲ್ಲ. ಹಾವು, ದೆವ್ವ, ಶಾಲಾ ಇನ್‌ಸ್ಪೆಕ್ಟರು ಇವರಿಗೆಲ್ಲ ನಾನು ಅಷ್ಟಾಗಿ ಅಂಜಿದವನಲ್ಲ. ಅಂಜಿದ್ದು ರೋಗಕ್ಕೆ. ಬಸ್ಸಿನಲ್ಲಿ ಯಾರೋ ಕೆಮ್ಮಿದರೆ ಮೂರು ದಿನ ನನ್ನ ಗಂಟಲು ಕೆರೆಯುತ್ತದೆ. ಎಪ್ಪತ್ತರ ದಶಕದ ಕೊನೆಗೆ ನಾನು ಕುಮಟೆಯ ಹತ್ತಿರ, ಬಾಡದ ಕಡೆಯ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದಾಗ, ಒಂದು ಮಳೆಗಾಲ, ಪಕ್ಕದ ಕೇರಿಗೆ ವಾಂತಿಭೇದಿ ಬಂತು. ಒಬ್ಬ ಮುದುಕ ತೀರಿಕೊಂಡ ಸುದ್ದಿ ಬಂದ ದಿನವೇ ಹೆಡ್ ಮಾಸ್ತರರು ನನ್ನನ್ನು ಕರೆದು, "ಶಾಲೆಯೊಳಗೆ ಅದು ಬರದ ಹಾಗೆ ನೀವೇ ನೋಡಿಕೊಳ್ಳಿ. ನಿಮ್ಮಷ್ಟು ಹೆದರುವವರು ನಮ್ಮಲ್ಲಿ ಬೇರೆ ಇಲ್ಲ" ಎಂದರು.

ಮಕ್ಕಳೆಲ್ಲ ಒಂದೇ ಲೋಟ ಅದ್ದಿ ನೀರು ಕುಡಿಯುತ್ತಿದ್ದ ಹಂಡೆಯನ್ನು ಅವತ್ತೇ ಬೋರಲು ಹಾಕಿದೆ. ಮನೆಯಿಂದ ಕುದಿಸಿದ ನೀರು ತರಬೇಕೆಂದೆ. ಬಾವಿಗೆ ಬ್ಲೀಚಿಂಗ್ ಪುಡಿ ಎಷ್ಟು ಸುರಿದೆನೆಂದರೆ ವಾರವಿಡೀ ನಮ್ಮ ಚಹಾಕ್ಕೂ ಅದೇ ವಾಸನೆ. ಪ್ರಾರ್ಥನೆ ಮುಗಿದೊಡನೆ ಸಾಲಾಗಿ ಕೈ ತೊಳೆಸಿ, ಒಂದು ಮಾರು ದೂರದಿಂದ ಉಗುರು ನೋಡುತ್ತಿದ್ದೆ. ಯಾರಾದರೂ ಉಗುಳು ಹಚ್ಚಿ ಪಾಟಿ ಒರೆಸಿದರೆ ಮತ್ತೆ ಬಾವಿಕಟ್ಟೆಗೆ ಅಟ್ಟಿ, ಪಾಟಿಗೂ ಸಾಬೂನು ಹಚ್ಚಿಸುತ್ತಿದ್ದೆ.

ಇಷ್ಟೆಲ್ಲ ಮಾಡಿಯೂ, ಒಂದು ಮಂಗಳವಾರ, ಮೂರನೆಯ ಇಯತ್ತೆಯ ಮಂಗಲಾ ಪಾಠದ ನಡುವೆ ಎದ್ದು ನಿಂತು ವಾಂತಿ ಮಾಡಿಕೊಂಡಳು. ಮಕ್ಕಳು ಮಾಸ್ತರನ ಕಡೆ ತಿರುಗಿದರು. ಮಾಸ್ತರ ಅಂಗಳದಲ್ಲಿದ್ದ. ಹೇಗೆ ಹೊರಗೆ ಬಂದೆನೋ ಇವತ್ತಿಗೂ ನೆನಪಿಲ್ಲ. ಕಿಟಕಿಯಿಂದಲೇ "ಬೆಳಿಗ್ಗೆ ಎಂತ ತಿಂದಿದ್ದೆ?" ಎಂದು ಕೇಳಿದೆ. ಹುಡುಗಿ ನೆಲಕ್ಕೆ ಕುಸಿದಳು.

ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಶಾಂತಕ್ಕೋರು ಓಡಿಬಂದರು. ಅವಳ ಬಾಯಿ ಒರೆಸಿ, ಉಪ್ಪು ಸಕ್ಕರೆ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ತೆಂಗಿನಕಾಯಿ ಟೆಂಪೋ ಒಂದನ್ನು ನಿಲ್ಲಿಸಿ, "ನಾನು ಮಕ್ಕಳ ಹತ್ರ ಇರ್ತೆ. ನೀವು ಇವಳನ್ನ ಕುಮಟೆ ಆಸ್ಪತ್ರೆಗೆ ಕರಕೊಂಡು ಹೋಗಿ" ಎಂದರು.

"ನಾನಾ?"

"ಮತ್ಯಾರು, ಮಾಸ್ತರ್ರೆ?" ಎನ್ನುತ್ತ ಹುಡುಗಿಯನ್ನು ನನ್ನ ತೋಳಿಗೆ ಹಾಕಿಯೇಬಿಟ್ಟರು.

ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ಮಂಗಲಾ ಒದ್ದೆ ಬಟ್ಟೆಯ ಗಂಟಿನ ಹಾಗಿದ್ದಳು. ಎರಡು ಸಲ ನನ್ನ ಅಂಗಿಯ ಮೇಲೆಯೇ ಕಾರಿಕೊಂಡಳು. ಸತ್ತೆ ಎಂದುಕೊಂಡೆ, ನನ್ನ ಬಗ್ಗೆಯೇ ಅಂದುಕೊಂಡದ್ದು. ಆದರೆ ಸೇತುವೆ ದಾಟುವಾಗ ಅವಳ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು, ಕೈ ತಣ್ಣಗಾಯಿತು. ಅಲ್ಲಿಂದಾಚೆ ನನಗೆ ನನ್ನ ನೆನಪೇ ಬರಲಿಲ್ಲ. ಅವಳ ಕೆನ್ನೆ ತಟ್ಟುತ್ತ ಹೆಸರು ಕೂಗುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ಸಲೈನ್ ಹಾಕಿದರು. ನಾನು ನಲ್ಲಿಯ ಬುಡದಲ್ಲಿ ಒಂದು ಸಾಬೂನು ಪೂರ್ತಿ ತೇಯ್ದೆ. ಸಂಜೆ ಅವಳು ಕಣ್ಣು ಬಿಟ್ಟು "ಮಾಸ್ತರ್ರೆ, ನೀರು" ಎಂದಾಗ, ಕುದಿಸಿದ ನೀರೇ ಹೌದೋ ಎಂದು ನರ್ಸಮ್ಮನನ್ನು ಮತ್ತೆ ಮತ್ತೆ ಕೇಳಿ, ನಾನೇ ಕುಡಿಸಿದೆ.

ಶಾಲೆಯಲ್ಲಿ ಮತ್ತೆ ಯಾರಿಗೂ ಬರಲಿಲ್ಲ. ಎರಡು ವಾರ ಕಳೆದು ಮಂಗಲಾ ಶಾಲೆಗೆ ಬಂದ ದಿನ, ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ನನ್ನ ಧೈರ್ಯವನ್ನು ಬಣ್ಣಿಸಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ, ಅಲ್ಲಗಳೆಯಲಿಲ್ಲ. ಆಮೇಲೆ ಅವರು, "ನೀನೂ ಎರಡು ಮಾತು ಹೇಳು" ಎಂದು ಹುಡುಗಿಯನ್ನು ಮುಂದೆ ಕರೆದರು.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಮಾಸ್ತರ್ರು ದಾರಿ ತುಂಬ ಅಳ್ತಿದ್ರು. ನಂಗೆ ಮಾತಾಡೂಕೆ ಆಗ್ತಿರ್ಲಿಲ್ಲ. ಇಲ್ಲದಿದ್ರೆ ಹೆದರಬೇಡಿ ಅಂತಿದ್ದೆ."